ಗೋಡೆ ತೆರೆಯಾಗುವ ಮುನ್ನ: ಹಳೆಯ ಬಣ್ಣದ ಧೂಳು ಮತ್ತು ಮನೆಮಂದಿಯ ಆರೋಗ್ಯ

ಸಿನಿಮಾ ನೋಡಲು ಪೇಟೆಯ ಟಾಕೀಸಿಗೆ ಹೋಗಬೇಕಿದ್ದ ಕಾಲ ಕಳೆದು, ಟಾಕೀಸೇ ಮನೆಯ ಚಾವಡಿಗೆ ಬರುವ ಕಾಲ ಬಂದಿದೆ. ಬೆಂಗಳೂರು, ಮುಂಬಯಿಗಳಲ್ಲಿ ದುಡಿಯುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಚೀಲದಲ್ಲೊಂದು ಪುಟ್ಟ ಪ್ರೊಜೆಕ್ಟರ್ ತರುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ಯಕ್ಷಗಾನ, ಕ್ರಿಕೆಟ್ ಪಂದ್ಯ, ಮನೆಯ ಮದುವೆಯ ವಿಡಿಯೋ ಎಲ್ಲವನ್ನೂ ದೊಡ್ಡದಾಗಿ ನೋಡುವ ಆಸೆ ಸಹಜವೇ. ಪರದೆಗೆ ದುಡ್ಡು ಸುರಿಯುವ ಬದಲು ಚಾವಡಿಯ ಒಂದು ಗೋಡೆಯನ್ನೇ ಕೆರೆದು, ನುಣುಪು ಮಾಡಿ, ಬಿಳಿ ಬಣ್ಣ ಬಳಿದರೆ ಆಯಿತಲ್ಲ ಎಂದು ಹಲವರು ಯೋಚಿಸುತ್ತಾರೆ. ಯೋಚನೆ ತಪ್ಪಲ್ಲ. ಸರಿಯಾಗಿ ಬಳಿದ ಗೋಡೆ ಪರದೆಗೆ ಸಾಟಿಯಾಗಿ ನಿಲ್ಲುತ್ತದೆ.

ಆರೋಗ್ಯದ ಅಂಕಣಕ್ಕೂ ಗೋಡೆಯ ಬಣ್ಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪ್ರೊಜೆಕ್ಟರ್ ಮನೆಗೆ ಬಂದರೆ ತಾಯಂದಿರ ಮೊದಲ ಪ್ರಶ್ನೆ, ‘ಮಕ್ಕಳ ಕಣ್ಣು ಹಾಳಾಗುವುದಿಲ್ಲವೇ?’ ಎಂಬುದು. ಆ ಪ್ರಶ್ನೆಗೂ ಉತ್ತರವಿದೆ, ಮುಂದೆ ನೋಡೋಣ. ಆದರೆ ಅದಕ್ಕಿಂತ ದೊಡ್ಡ ಅಪಾಯ ಚಿತ್ರ ಮೂಡುವುದಕ್ಕೆ ಮೊದಲೇ, ಗೋಡೆ ಕೆರೆಯುವ ಆ ಎರಡು ದಿನಗಳಲ್ಲಿ ಮನೆಯೊಳಗೆ ಹರಡಿರುತ್ತದೆ. ಅದು ಕಣ್ಣಿಗೆ ಬೀಳದು, ಮೂಗಿಗೆ ವಾಸನೆ ಹೊಡೆಯದು. ಅದು ಹಳೆಯ ಬಣ್ಣದ ಧೂಳು.

ಹಳೆಯ ಬಣ್ಣದಲ್ಲಿ ಏನಿದೆ?

ಎಣ್ಣೆ ಬಣ್ಣ ಅಥವಾ ಎನಾಮಲ್ ಎಂದು ನಾವು ಕರೆಯುವ ಹೊಳಪಿನ ಬಣ್ಣಗಳಿಗೆ ಬಹುಕಾಲ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಸೀಸ ಸೇರಿದರೆ ಬಣ್ಣ ಬೇಗ ಒಣಗುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಹಳದಿ, ಕೆಂಪು, ಹಸಿರು ವರ್ಣಗಳು ಗಾಢವಾಗಿ ಮೂಡುತ್ತವೆ. ಅದರ ಕೆಡುಕು ಜಗತ್ತಿಗೆ ಗೊತ್ತಿರಲಿಲ್ಲ ಎಂದಲ್ಲ. ಮನೆಯ ಒಳಗೋಡೆಗಳಿಗೆ ಬಿಳಿ ಸೀಸದ ಬಣ್ಣ ಬಳಿಯಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲೇ ಒಪ್ಪಂದವೊಂದನ್ನು ಮುಂದಿಟ್ಟಿತ್ತು. ಅಮೆರಿಕ 1978ರಲ್ಲಿ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿತು.

ನಮ್ಮ ದೇಶದಲ್ಲಿ ಈ ವಿಷಯ ದೊಡ್ಡದಾಗಿ ಚರ್ಚೆಗೆ ಬಂದದ್ದು ಬೆಂಗಳೂರಿನಿಂದ. 1999ರಲ್ಲಿ ಅಲ್ಲಿ ಸೀಸದ ವಿಷದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದೇ ವರ್ಷ ಹೊರಬಂದ ಸಮೀಕ್ಷೆಯಲ್ಲಿ, ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ 12 ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ದಾಟಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಬಗ್ಗೆ ದಶಕಗಳ ಕಾಲ ಎಚ್ಚರಿಸುತ್ತ ಬಂದವರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣಗಳ ಸರದಿ ಬಂದದ್ದು ಬಹಳ ತಡವಾಗಿ. ಕೇಂದ್ರ ಸರಕಾರ 2016ರಲ್ಲಿ ನಿಯಮ ಹೊರಡಿಸಿ, ಮನೆಬಳಕೆಯ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗವನ್ನು ಮೀರಬಾರದು ಎಂದಿತು. ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು.

ಇದರ ಅರ್ಥ ಸರಳ. ಅದಕ್ಕೆ ಮೊದಲು ನಿಮ್ಮ ಮನೆಗೆ ಎಣ್ಣೆ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸ ಇದೆ ಎಂದುಕೊಂಡೇ ಮುಂದುವರಿಯುವುದು ಕ್ಷೇಮ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲು, ಕಿಟಕಿ, ಸರಳುಗಳಿಗಲ್ಲದೆ ಗೋಡೆಯ ಕೆಳಭಾಗಕ್ಕೂ ಕೊಳೆ ಕಾಣದಿರಲೆಂದು ಮೂರು ನಾಲ್ಕು ಅಡಿ ಎತ್ತರಕ್ಕೆ ಎಣ್ಣೆ ಬಣ್ಣ ಬಳಿಯುವ ರೂಢಿ ಇತ್ತು. ತೆರೆಗೆಂದು ನೀವು ಆರಿಸುವ ಗೋಡೆ ಅದೇ ಆಗಿರಬಹುದು. ಬರಿಯ ಸುಣ್ಣ ಬಳಿದ ಗೋಡೆಯಾದರೆ ಸೀಸದ ಭಯ ಕಡಿಮೆ. ಆದರೆ ಸುಣ್ಣದ ಪದರದ ಕೆಳಗೆ ಹಿಂದಿನ ತಲೆಮಾರಿನ ಎಣ್ಣೆ ಬಣ್ಣ ಅಡಗಿದೆಯೇ ಎಂದು ಮನೆಯ ಹಿರಿಯರನ್ನು ಕೇಳಿಕೊಳ್ಳಿ.

ಸೀಸ ದೇಹಕ್ಕೆ ಏನು ಮಾಡುತ್ತದೆ?

ಗೋಡೆಯ ಮೇಲೆ ಗಟ್ಟಿಯಾಗಿ ಅಂಟಿಕೊಂಡಿರುವಷ್ಟು ದಿನ ಸೀಸ ಯಾರಿಗೂ ತೊಂದರೆ ಕೊಡುವುದಿಲ್ಲ. ಒಣ ಗೋಡೆಗೆ ಸ್ಯಾಂಡ್ ಪೇಪರ್ ಉಜ್ಜಿದಾಗ ಅದು ಹಿಟ್ಟಿನಂತಹ ಧೂಳಾಗುತ್ತದೆ. ಧೂಳು ನೆಲದಲ್ಲಿ, ಚಾಪೆಯಲ್ಲಿ, ಆಟಿಕೆಗಳ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ. ದೊಡ್ಡವರ ಹೊಟ್ಟೆ ಸೇರಿದ ಸೀಸದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಇಳಿಯುತ್ತದೆ. ಸಣ್ಣ ಮಕ್ಕಳ ದೇಹ ಅದರ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ.

ದೇಹಕ್ಕೆ ಸೀಸ ಯಾವುದು, ಸುಣ್ಣದ ಅಂಶ ಯಾವುದು ಎಂಬ ಭೇದ ಸರಿಯಾಗಿ ತಿಳಿಯದು. ಆದ್ದರಿಂದ ಕ್ಯಾಲ್ಸಿಯಂ ಹೋಗಬೇಕಾದ ಕಡೆಗೆಲ್ಲ ಸೀಸವೂ ಹೋಗುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಹೋದರೆ ಕಲಿಕೆ ಕುಂಠಿತವಾಗುತ್ತದೆ, ಗಮನ ನಿಲ್ಲುವುದಿಲ್ಲ, ಸಿಡುಕು ಹೆಚ್ಚುತ್ತದೆ. ರಕ್ತ ತಯಾರಾಗುವುದನ್ನು ತಡೆದು ರಕ್ತಹೀನತೆ ತರುತ್ತದೆ. ಎಲುಬಿನಲ್ಲಿ ಸೇರಿಕೊಂಡು ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ. ಹೆಣ್ಣುಮಗಳೊಬ್ಬಳು ಚಿಕ್ಕಂದಿನಲ್ಲಿ ಕೂಡಿಸಿಕೊಂಡ ಸೀಸ ಆಕೆ ಗರ್ಭಿಣಿಯಾದಾಗ ಎಲುಬಿನಿಂದ ಹೊರಬಂದು ಹೊಟ್ಟೆಯೊಳಗಿನ ಶಿಶುವನ್ನು ತಲುಪಬಹುದು. ಹೊಟ್ಟೆನೋವು, ಮಲಬದ್ಧತೆ, ನಿಶ್ಶಕ್ತಿ ಕಾಣಿಸಬಹುದು. ಆದರೆ ಬಹಳ ಮಕ್ಕಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಕಂಡುಬಂದರೆ ಮೂಲವನ್ನು ಹುಡುಕಿ ದೂರಮಾಡಬೇಕೆಂದು ಅದು 2021ರಲ್ಲಿ ಸೂಚಿಸಿದೆ.

ಗೋಡೆ ಒಣಗಿದೆಯೇ?

ಬಣ್ಣದ ಕೆಲಸಕ್ಕೆ ಕೈ ಹಾಕುವ ಮೊದಲು ಇನ್ನೊಂದು ಪರೀಕ್ಷೆ ಇದೆ. ನಮ್ಮದು ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆ. ಕೆಂಪುಕಲ್ಲಿನ ಗೋಡೆ ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಪಸೆ ಇರುವ ಗೋಡೆಗೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಮುಂದಿನ ಮಳೆಗಾಲಕ್ಕೆ ಅದು ಉಬ್ಬಿ ಚಕ್ಕೆಯೇಳುತ್ತದೆ. ಮತ್ತೆ ಕೆರೆಯಬೇಕು, ಮತ್ತೆ ಧೂಳು. ಜತೆಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಬೀಜಕಣಗಳು ಉಬ್ಬಸ ಇರುವವರನ್ನು, ಅಲರ್ಜಿಯ ನೆಗಡಿಯವರನ್ನು ಕಾಡುತ್ತವೆ. ಕಿಟಕಿ ಬಾಗಿಲು ಮುಚ್ಚಿ ಕತ್ತಲು ಮಾಡಿ ಮೂರು ಗಂಟೆ ಸಿನಿಮಾ ನೋಡುವ ಕೋಣೆಯಲ್ಲಿ ಈ ಕಾಟ ಇನ್ನೂ ಹೆಚ್ಚು.

ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. 24 ಗಂಟೆ ಬಿಟ್ಟು ತೆಗೆದು ನೋಡಿ. ಗೋಡೆಗೆ ತಾಗಿದ ಬದಿಯಲ್ಲಿ ಹನಿ ಕಟ್ಟಿದ್ದರೆ ಗೋಡೆಯಲ್ಲಿ ಪಸೆ ಇದೆ. ಹಾಗಾದರೆ ಬಣ್ಣದವರಿಗಿಂತ ಮೊದಲು ಮಾಡಿನ ಒಡೆದ ಹಂಚು, ತುಂಬಿದ ದಂಬೆ, ಅಂಗಳದಿಂದ ಸಿಡಿಯುವ ನೀರು, ಬಚ್ಚಲಿನ ಸೋರುವ ಪೈಪು ಇವುಗಳ ಕಡೆ ಗಮನ ಕೊಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಬೇಡ. ಚೌತಿಗೆ ಆಗಲೇಬೇಕೆಂದು ಆತುರಪಡುವ ಬದಲು ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಹೊಸದಾಗಿ ಸಿಮೆಂಟ್ ಗಾರೆ ಮಾಡಿದ ಗೋಡೆಯಾದರೆ ಕನಿಷ್ಠ 28 ದಿನ ಬಿಡಿ.

ಇರುವ ಬೂಷ್ಟನ್ನು ಒಣ ಬ್ರಷ್ಷಿನಿಂದ ಉಜ್ಜಬಾರದು. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಬ್ಲೀಚಿಂಗ್ ಪುಡಿಯ ನೀರು ಬಳಸುವುದಾದರೆ ಕಿಟಕಿ ತೆರೆದಿಡಿ. ಪಾಯಖಾನೆ ತೊಳೆಯುವ ಆಸಿಡ್ಡನ್ನು ಅದರ ಜತೆ ಎಂದಿಗೂ ಬೆರೆಸಬೇಡಿ. ಎರಡೂ ಸೇರಿದರೆ ಹುಟ್ಟುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ.

ಕೆರೆಯುವಾಗ ಹೀಗೆ ಮಾಡಿ

ಮೊದಲ ಮಾತು: ಗಟ್ಟಿಯಾಗಿರುವ ಹಳೆಯ ಎಣ್ಣೆ ಬಣ್ಣವನ್ನು ಕೆರೆಯದೆ ಬಿಡುವುದೇ ಒಳಿತು. ಎಲ್ಲಿ ಚಕ್ಕೆ ಎದ್ದಿದೆಯೋ ಅಲ್ಲಿ ಮಾತ್ರ ತೆಗೆದು, ಉಳಿದದ್ದರ ಮೇಲೆ ಹೊಳಪಿನ ಬಣ್ಣವನ್ನು ಹಿಡಿದುಕೊಳ್ಳುವ ಜಾತಿಯ ಪ್ರೈಮರ್ ಹಚ್ಚಿ ಮುಚ್ಚಬಹುದು. ಅಥವಾ ಗೋಡೆಗೆ ಕೈ ಹಚ್ಚದೆ, ಮರದ ಚೌಕಟ್ಟಿಗೆ ದಪ್ಪನೆಯ ಬಿಳಿ ಬಟ್ಟೆ ಬಿಗಿದು ತೂಗುಹಾಕಬಹುದು. ಮನೆಯಲ್ಲಿ ಗರ್ಭಿಣಿಯೋ ಎಳೆಮಗುವೋ ಇದ್ದರೆ ಈ ಎರಡನೆಯ ದಾರಿಯೇ ಉತ್ತಮ.

ಕೆರೆಯಲೇಬೇಕಾದರೆ ಈ ಕ್ರಮಗಳನ್ನು ಪಾಲಿಸಿ. ಮಕ್ಕಳು, ಗರ್ಭಿಣಿಯರು ಕೆಲಸ ಮುಗಿದು ಮನೆ ಒರೆಸುವ ತನಕ ಬೇರೆ ಮನೆಯಲ್ಲಿರಲಿ. ಚಾಪೆ, ಹಾಸಿಗೆ, ಆಟಿಕೆ, ನೀರಿನ ಕೊಡ, ತಿನ್ನುವ ವಸ್ತುಗಳನ್ನು ಹೊರಗೆ ಸಾಗಿಸಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಒಳಬಾಗಿಲಿಗೂ ಪ್ಲಾಸ್ಟಿಕ್ ಇಳಿಬಿಡಿ. ಫ್ಯಾನ್ ಹಾಕಬೇಡಿ. ಗೋಡೆಗೆ ನೀರು ಸಿಂಪಡಿಸಿ, ಒದ್ದೆ ಇರುವಾಗಲೇ ಕೆರೆಯಿರಿ. ಒದ್ದೆ ಬಣ್ಣ ಚಕ್ಕೆಯಾಗಿ ಬೀಳುತ್ತದೆ, ಧೂಳಾಗಿ ಹಾರುವುದಿಲ್ಲ. ವಿದ್ಯುತ್ ಯಂತ್ರದಿಂದ ಒಣದಾಗಿ ಉಜ್ಜುವುದು, ಬೆಂಕಿ ತೋರಿಸಿ ಬಣ್ಣ ಕರಗಿಸುವುದು ಎರಡೂ ಬೇಡ. ಬೆಂಕಿಗೆ ಸೀಸ ಹೊಗೆಯಾಗಿ ನೇರ ಉಸಿರಿಗೆ ಸೇರುತ್ತದೆ. ಹಳೆಯ ಬಣ್ಣದ ಕಿಟಕಿ ಬಾಗಿಲಿನ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಬಾರದೆಂಬುದೂ ಇದೇ ಕಾರಣಕ್ಕೆ.

ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಕೊರೋನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವಂತೆ ಹಾಕಬೇಕು. ಕೆಲಸ ಮುಗಿದ ಮೇಲೆ ಹಿಡಿಸೂಡಿಯಿಂದ ಗುಡಿಸಬೇಡಿ. ಪ್ಲಾಸ್ಟಿಕ್ಕನ್ನು ಚಕ್ಕೆಗಳ ಸಮೇತ ಮಡಚಿ ಚೀಲದಲ್ಲಿ ಕಟ್ಟಿ. ನೆಲವನ್ನು ಸಾಬೂನು ನೀರಿನಿಂದ ಎರಡು ಬಾರಿ ಒರೆಸಿ, ಪ್ರತಿ ಬಾರಿಯೂ ನೀರು ಬದಲಿಸಿ.

ಇನ್ನು, ಕೆರೆದದ್ದನ್ನು ಎಲ್ಲಿ ಹಾಕುತ್ತೀರಿ? ತೆಂಗಿನ ಬುಡಕ್ಕೆ, ಬಸಳೆ ಚಪ್ಪರದ ಕೆಳಗೆ, ಬಾವಿಕಟ್ಟೆಯ ಪಕ್ಕಕ್ಕೆ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಸೀಸ ಕೊಳೆತು ಮಣ್ಣಾಗುವ ವಸ್ತುವಲ್ಲ. ಹಾಕಿದ ಜಾಗದಲ್ಲೇ ಉಳಿದು ಮಣ್ಣಿನಲ್ಲಿ ಆಡುವ ಮಕ್ಕಳ ಕೈಗೆ, ಸೊಪ್ಪಿಗೆ ಅಂಟುತ್ತದೆ. ಚೀಲವನ್ನು ಬಿಗಿಯಾಗಿ ಕಟ್ಟಿ, ಒಳಗೇನಿದೆ ಎಂದು ತಿಳಿಸಿ, ಪಂಚಾಯತಿನ ಅಥವಾ ಪುರಸಭೆಯ ಕಸದ ವಾಹನಕ್ಕೆ ಬೇರೆಯಾಗಿಯೇ ಕೊಡಿ.

ಬಣ್ಣ ಬಳಿಯುವವನ ಮನೆಯಲ್ಲೂ ಮಕ್ಕಳಿದ್ದಾರೆ

ನಿಮ್ಮ ಮನೆಯಲ್ಲಿ ಈ ಕೆಲಸ ಎರಡು ದಿನದ್ದು. ಬಣ್ಣದ ಕೆಲಸದವರಿಗೆ ಅದು ವರ್ಷವಿಡೀ ಇರುವಂಥದು. ಅವರ ಅಂಗಿಯಲ್ಲಿ, ಕೂದಲಿನಲ್ಲಿ ಕೂತ ಧೂಳು ಸಂಜೆ ಅವರ ಮನೆಗೆ ಹೋಗುತ್ತದೆ. ತಂದೆ ಬಂದನೆಂದು ಓಡಿ ಬಂದು ಅಪ್ಪಿಕೊಳ್ಳುವ ಮಗುವಿಗೆ ಅದು ತಗಲುತ್ತದೆ. ಅವರಿಗೊಂದು ಒಳ್ಳೆಯ ಮಾಸ್ಕ್ ಕೊಡಿ. ಊಟಕ್ಕೆ, ಚಹಾಕ್ಕೆ, ಎಲೆಅಡಿಕೆಗೆ, ಬೀಡಿಗೆ ಮೊದಲು ಸಾಬೂನಿನಿಂದ ಕೈ ತೊಳೆಯಲು ನೀರಿನ ವ್ಯವಸ್ಥೆ ಮಾಡಿ. ಸಂಜೆ ನಿಮ್ಮಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಹೋಗಲು ಹೇಳಿ. ಒದ್ದೆ ಮಾಡಿ ಕೆರೆಯಲು ಅರ್ಧ ದಿನ ಹೆಚ್ಚು ಬೇಕು, ಆ ಅರ್ಧ ದಿನದ ಸಂಬಳಕ್ಕೆ ಚೌಕಾಸಿ ಮಾಡಬೇಡಿ.

ಬಣ್ಣ ಯಾವುದು, ಹೇಗೆ?

ಚಕ್ಕೆ ತೆಗೆದು ಒಣಗಿದ ಗೋಡೆಗೆ ಪ್ರೈಮರ್, ಅದರ ಮೇಲೆ ತೆಳ್ಳಗೆ ಎರಡು ಬಾರಿ ಪುಟ್ಟಿ, ಉಜ್ಜಿ ನುಣುಪು ಮಾಡಿದ ಮೇಲೆ ಮತ್ತೆ ಪ್ರೈಮರ್, ಕೊನೆಗೆ ರೋಲರಿನಿಂದ ಎರಡು ಬಾರಿ ಬಿಳಿ ಬಣ್ಣ. ಇದು ಕ್ರಮ. ಪುಟ್ಟಿಯ ಧೂಳಿನಲ್ಲಿ ಸೀಸ ಇಲ್ಲದಿದ್ದರೂ ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಇರಲಿ. ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಬಿಟ್ಟರೆ ಉಬ್ಬುತಗ್ಗು ನೆರಳಾಗಿ ಕಾಣುತ್ತದೆ, ಅಲ್ಲಷ್ಟೇ ತಿದ್ದಿದರೆ ಸಾಕು.

ಬಣ್ಣ ಹೊಳಪಿಲ್ಲದ ನೀರು ಮಿಶ್ರಣದ ಎಮಲ್ಷನ್ ಆಗಿರಲಿ. ಹೊಳಪಿನ ಬಣ್ಣ ಕನ್ನಡಿಯಂತೆ ದೀಪವನ್ನು ಒಂದೇ ಕಡೆ ಹಿಂತಿರುಗಿಸಿ ನಡುವೆ ಕಣ್ಣು ಕುಕ್ಕುವ ಚುಕ್ಕೆ ಮೂಡಿಸುತ್ತದೆ. ಹೊಳಪಿಲ್ಲದ ಬಣ್ಣ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ, ಬದಿಯಲ್ಲಿ ಕೂತವರಿಗೂ ಚಿತ್ರ ಚೆನ್ನಾಗಿ ಕಾಣುತ್ತದೆ. ಕೋಣೆಗೆ ಹೊರಗಿನ ಬೆಳಕು ಬರುವುದಾದರೆ ತೀರಾ ತಿಳಿ ಬೂದು ಬಣ್ಣ ಉತ್ತಮ. 7 ಅಡಿ ಅಗಲ, 4 ಅಡಿ ಎತ್ತರದ ತೆರೆ ಸಾಮಾನ್ಯ ಚಾವಡಿಗೆ ಸಾಕು. ಸುತ್ತ ಮೂರು ಇಂಚು ಕಪ್ಪು ಅಂಚು ಬಳಿದರೆ ಚಿತ್ರ ಎದ್ದು ಕಾಣುತ್ತದೆ.

ಪುಟ್ಟಿ, ಸುಣ್ಣ, ಸಿಮೆಂಟ್ ಮೂರೂ ಕ್ಷಾರ ಪದಾರ್ಥಗಳು. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಹಾಲು, ಎಣ್ಣೆ, ಮನೆಮದ್ದು ಯಾವುದೂ ಬೇಡ. ರೆಪ್ಪೆ ತೆರೆದು ಹಿಡಿದು ಶುದ್ಧ ನೀರನ್ನು 20 ನಿಮಿಷ ಸತತವಾಗಿ ಹರಿಸಿ, ನಂತರ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಕ್ಷಾರ ಕಣ್ಣಿನ ಒಳಪದರಕ್ಕೆ ಇಳಿಯುತ್ತ ಹೋಗುವುದರಿಂದ ಇಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ.

ಬಳಿದ ಮೇಲೆ ಎರಡು ಮೂರು ದಿನ ಕಿಟಕಿ ತೆರೆದಿಡಿ. ಉಬ್ಬಸದವರು, ಮಕ್ಕಳು ಆ ಕೋಣೆಯಲ್ಲಿ ಮಲಗುವುದು ಬೇಡ. ನೀರುಳ್ಳಿ ಹೆಚ್ಚಿಟ್ಟರೆ, ಊದುಬತ್ತಿ ಹಚ್ಚಿದರೆ ಬಣ್ಣದ ಆವಿ ಹೋಗುವುದಿಲ್ಲ. ಗಾಳಿಯಾಡುವುದೊಂದೇ ಉಪಾಯ.

ಇನ್ನು ಕಣ್ಣಿನ ಪ್ರಶ್ನೆ

ಗೋಡೆಯಿಂದ ಪ್ರತಿಫಲಿಸಿದ ಬೆಳಕು ಕಣ್ಣನ್ನು ಕೆಡಿಸುವುದಿಲ್ಲ. ಆದರೆ ಪ್ರೊಜೆಕ್ಟರಿನ ಮಸೂರದೊಳಗೆ ನೇರವಾಗಿ ದಿಟ್ಟಿಸಿದರೆ ಅಕ್ಷಿಪಟಲಕ್ಕೆ ಹಾನಿಯಾಗಬಹುದು. ಸಣ್ಣ ಮಕ್ಕಳು ಅದರೆದುರು ಓಡಿ ಬಂದು ಇಣುಕುತ್ತಾರೆ. ಆದ್ದರಿಂದ ಅದನ್ನು ಟೀಪಾಯಿಯ ಮೇಲಿಡದೆ ಮೇಲ್ಛಾವಣಿಗೋ ಎತ್ತರದ ಕಪಾಟಿಗೋ ಕೂರಿಸಿ. ಹಳೆಯ ಮಾದರಿಯ ದೀಪದ ಪ್ರೊಜೆಕ್ಟರುಗಳ ಬಲ್ಬಿನಲ್ಲಿ ಪಾದರಸ ಇರುತ್ತದೆ. ಅದು ಸಿಡಿದರೆ ಕೋಣೆಯಿಂದ ಹೊರಬಂದು ಗಾಳಿಯಾಡಲು ಬಿಡಿ.

ತೆರೆಯಿಂದ 10ರಿಂದ 14 ಅಡಿ ದೂರ ಕೂತುಕೊಳ್ಳಿ. ನೆಟ್ಟ ನೋಟದಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ನಡುನಡುವೆ ಕಣ್ಣು ಮುಚ್ಚಿ ತೆರೆಯಿರಿ, ಎದ್ದು ಒಂದು ಸುತ್ತು ಬನ್ನಿ. ಕೋಣೆಯನ್ನು ಪೂರ್ತಿ ಕತ್ತಲು ಮಾಡದೆ ಹಿಂಬದಿಯಲ್ಲೊಂದು ಮಂದ ದೀಪ ಉರಿಯಲಿ. ಜಪಾನಿನಲ್ಲಿ 1997ರ ಡಿಸೆಂಬರ್ 16ರಂದು ಟಿ.ವಿ. ಕಾರ್ಟೂನೊಂದರಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿದಾಗ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಸೆಳೆತ, ವಾಂತಿ, ತಲೆಸುತ್ತಿನಿಂದ ಆಸ್ಪತ್ರೆ ಸೇರಿದರು. ದೀಪ ಹಚ್ಚಿ, ದೂರದಿಂದ ನೋಡಿರಿ ಎಂಬ ಸಲಹೆ ಅಲ್ಲಿ ಪ್ರಚಾರಕ್ಕೆ ಬಂದದ್ದು ಅನಂತರ. ಮನೆಯಲ್ಲಿ ಮೂರ್ಛೆರೋಗದವರಿದ್ದರೆ ದೊಡ್ಡ ತೆರೆಯ ಮುಂದೆ ಕೂರಿಸುವ ಮೊದಲು ವೈದ್ಯರನ್ನು ಕೇಳಿ.

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಯಾವ ತೆರೆಯೂ ಬೇಡ, ಒಂದು ವರ್ಷದ ಕೂಸಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ದೊಡ್ಡ ಮಕ್ಕಳಾದರೆ ದಿನಕ್ಕೆರಡು ಗಂಟೆ ಹೊರಗಿನ ಬಯಲಲ್ಲಿ ಆಡಲಿ. ಸಮೀಪದೃಷ್ಟಿ ಬಾರದಂತೆ ತಡೆಯಲು ಹಗಲ ಬೆಳಕು ಸಹಕಾರಿ.

ಈಗಾಗಲೇ ಕೆರೆದಾಗಿದ್ದರೆ

ಗೋಡೆ ಒಣದಾಗಿ ಕೆರೆದು ಮುಗಿದಿದೆ, ಆಗ ಮಗು ಮನೆಯಲ್ಲೇ ಇತ್ತು ಎಂಬವರು ಗಾಬರಿಪಡಬೇಕಾಗಿಲ್ಲ. ನೆಲ, ಕಿಟಕಿಯ ಸಂದು, ಆಟಿಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮಗುವಿನ ಕೈಯನ್ನು ಪದೇ ಪದೇ ತೊಳೆಯಿರಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಸಾಲದ ಮಗುವಿನ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಆದ್ದರಿಂದ ರಾಗಿ, ಹಾಲು, ಹಸಿರು ಸೊಪ್ಪು, ಮೀನು ತಿನ್ನುವವರಾದರೆ ಬೂತಾಯಿಯಂತಹ ಸಣ್ಣ ಮೀನು ಊಟದಲ್ಲಿರಲಿ. ಮಕ್ಕಳ ವೈದ್ಯರಲ್ಲಿಗೆ ಹೋದಾಗ ‘ಮನೆಯಲ್ಲಿ ಹಳೆಯ ಬಣ್ಣ ಕೆರೆದಿದ್ದೆವು’ ಎಂಬ ಒಂದು ಮಾತನ್ನು ನೀವಾಗಿ ಹೇಳಿ. ಹೇಳದಿದ್ದರೆ ಹೊಟ್ಟೆನೋವಿಗೆ ಹುಳದ ಔಷಧ ಸಿಕ್ಕೀತೇ ಹೊರತು ಸೀಸದ ಯೋಚನೆ ಯಾರಿಗೂ ಬಾರದು. ಅಗತ್ಯ ಕಂಡರೆ ಅವರು ರಕ್ತಪರೀಕ್ಷೆ ಮಾಡಿಸುತ್ತಾರೆ.

‘ಮನೆ ಕಟ್ಟಿ ನೋಡು’ ಎಂದ ಹಿರಿಯರ ಕಾಲದಲ್ಲಿ ಗೋಡೆಗೆ ಸುಣ್ಣವಷ್ಟೇ ಇತ್ತು. ನಮ್ಮ ಕಾಲದ ಗೋಡೆಗಳಲ್ಲಿ ಹಲವು ಪದರಗಳಿವೆ. ಬಣ್ಣದ ಡಬ್ಬಿ ತರುವ ಮೊದಲು ಕೆಳಗಿನ ಪದರ ಯಾವುದೆಂದು ತಿಳಿದುಕೊಳ್ಳಿ, ಮಕ್ಕಳನ್ನು ನಾಲ್ಕು ದಿನ ಅಜ್ಜಿಮನೆಗೆ ಕಳುಹಿಸಿ, ಗೋಡೆಯನ್ನು ಒದ್ದೆ ಮಾಡಿಯೇ ಕೆರೆಯಿರಿ. ಇಷ್ಟಕ್ಕೆ ಬೇಕಾದದ್ದು ಒಂದು ಬಕೆಟ್ ನೀರು ಮತ್ತು ಸ್ವಲ್ಪ ತಾಳ್ಮೆ.